ಗುರವ್ವ ಕಟ್ಟಿದ ದಾರ

ಹೆಲ್ಮೆಟ್ಟಿನ ಪ್ರಶ್ನೆ ಇತ್ಯರ್ಥವಾಗುವ ತನಕ ರಾಬನ್‌ಬಾಖ್ ಅಣೆಕಟ್ಟಿನ ಮೇಲೆ ಯಾರೂ ಹೆಜ್ಜೆ ಇಡತಕ್ಕದ್ದಲ್ಲ ಎಂದು ಆ ಬುಧವಾರ ಮಧ್ಯಾಹ್ನ ಸರ್ವಾನುಮತದಿಂದ ತೀರ್ಮಾನವಾಯಿತು. ಮತ ಹಾಕಿದವಳು ಅಣೆಕಟ್ಟಿನ ಕಚೇರಿಯ ಫ್ರೌ ಬ್ರಾಂಟ್ ಒಬ್ಬಳೇ.

ಸಂಗತಿ ಗಹನವಾದದ್ದು. ನೌಕರರಿಗೆ ಹಳದಿ ಹೆಲ್ಮೆಟ್, ಗುತ್ತಿಗೆದಾರರಿಗೆ ನೀಲಿ, ಸಂದರ್ಶಕರಿಗೆ ಬಿಳಿ. ಬಂದ ಸಂದರ್ಶಕರು ಇಬ್ಬರು, ಗೂಟದಲ್ಲಿದ್ದ ಬಿಳಿ ಹೆಲ್ಮೆಟ್ ಒಂದು. ಹೊರಗೆ ಮಳೆ ಬಿಡದೆ ಹೊಡೆಯುತ್ತಿತ್ತು. ಚಳಿಗಾಲವಿಡೀ ಗುಡ್ಡಗಳ ಮೇಲೆ ಕೂತಿದ್ದ ಹಿಮ ಒಟ್ಟಿಗೇ ಕರಗಿ ಕಣಿವೆಗೆ ಇಳಿಯುತ್ತಿತ್ತು. ಹಿಂದಿನ ಗುರುವಾರ ಇದೇ ಅಣೆಕಟ್ಟಿನ ಗೇಟುಮನೆಯಲ್ಲಿ ಒಬ್ಬನ ತಲೆಬುರುಡೆ ಒಡೆದಿತ್ತು. ಅದೆಲ್ಲ ಆಮೇಲೆ. ಮೊದಲು ಹೆಲ್ಮೆಟ್.

"ನೀಲಿ ಕೊಡಿ," ಎಂದ ರಾಮದಾಸ್, ಜರ್ಮನ್‌ನಲ್ಲಿ.

"ನೀವು ಗುತ್ತಿಗೆದಾರರಲ್ಲ."

"ಹಾಗಾದರೆ ಹಳದಿ."

"ನೌಕರರೂ ಅಲ್ಲ."

ರಾಮದಾಸ್ ಉಡುಪಿಯವನು. ಮ್ಯಾನ್‌ಹೈಮಿನ ವಿಮಾ ಕಂಪನಿಯೊಂದಕ್ಕೆ ಅಪಘಾತಗಳ ತನಿಖೆ ಮಾಡಿಕೊಡುತ್ತ ಅರ್ಧ ಆಯುಷ್ಯವನ್ನೂ ಪೂರ್ತಿ ತಲೆಗೂದಲನ್ನೂ ಕಳೆದುಕೊಂಡಿದ್ದ. ಈ ದೇಶದಲ್ಲಿ ನಿಯಮದ ಜೊತೆ ಜಗಳವಾಡಬಾರದು, ಒಂದು ನಿಯಮವನ್ನು ಇನ್ನೊಂದರ ಮೇಲೆ ಬಿಟ್ಟು ದೂರ ನಿಂತು ನೋಡಬೇಕು ಎಂಬುದನ್ನು ಅವನು ಬಹಳ ಹಿಂದೆಯೇ ಕಲಿತಿದ್ದ.

"ಯಾವುದು ದೊಡ್ಡ ತಪ್ಪು ಫ್ರೌ ಬ್ರಾಂಟ್? ಬೇರೆ ಬಣ್ಣದ ಹೆಲ್ಮೆಟ್ಟೋ, ಬರಿತಲೆಯೋ?"

ಅವಳು ಯೋಚಿಸಿದಳು. ಪ್ರಾಮಾಣಿಕವಾಗಿ, ಬಹಳ ಹೊತ್ತು ಯೋಚಿಸಿದಳು. "ಬರಿತಲೆ," ಎಂದು ಒಪ್ಪಿಕೊಂಡು ಕೊನೆಯ ಗೂಟದಿಂದ ಹಳದಿಯದೊಂದನ್ನು ಇಳಿಸಿದಳು. "ಇದು ಎರ್ವಿನ್ ಕೋಖ್‌ನದು. ಅವನಿಗೆ ಇನ್ನು ಬೇಕಾಗುವುದಿಲ್ಲ."

ಒಳಗಿನ ಪಟ್ಟಿಯಲ್ಲಿ ಸತ್ತವನ ಬೆವರಿನ ವಾಸನೆ ಇನ್ನೂ ಇತ್ತು. ರಾಮದಾಸ್ ತಲೆಗಿಟ್ಟುಕೊಳ್ಳುವ ಮುಂಚೆ ಅದನ್ನು ಒಮ್ಮೆ ತಿರುಗಿಸಿ ನೋಡಿದ. ಒಂದು ಗೀರೂ ಇಲ್ಲ.

"ಅವನು ಸತ್ತ ದಿನ ಇದು ಎಲ್ಲಿತ್ತು?"

"ಇಲ್ಲೇ, ಗೂಟದಲ್ಲಿ." ಫ್ರೌ ಬ್ರಾಂಟ್ ನೀರಿನ ಮಟ್ಟ ಅಳೆಯುವವಳು, ಕೋಖ್‌ನ ಕೈಕೆಳಗೆ ಬಹಳ ವರ್ಷ ದುಡಿದವಳು. "ಅದೇ ನನಗೆ ಅರ್ಥವಾಗದ್ದು. ಗೇಟು ಪರೀಕ್ಷೆ ಮಾಡುವಾಗ ಬರಿತಲೆಯಲ್ಲಿ ಕೋಖ್? ಬಲ್ಬು ಬದಲಿಸುವಾಗಲೂ ಹೆಲ್ಮೆಟ್ ಹಾಕುತ್ತಿದ್ದ ಮನುಷ್ಯ."

"ಪೊಲೀಸರಿಗೆ ಹೇಳಿದಿರಾ?"

"ಅವರು ಕೇಳಲಿಲ್ಲ."

*

ಅಣೆಕಟ್ಟಿನ ನೆತ್ತಿಯ ಮೇಲೆ ಗಾಳಿ ಇಬ್ಬರನ್ನೂ ಪಕ್ಕಕ್ಕೆ ತಳ್ಳುತ್ತಿತ್ತು. ಬಿಳಿ ಹೆಲ್ಮೆಟ್ಟಿನ ಕೀರ್ತಿ ಮುಂದೆ, ರಾಮದಾಸ್ ಹಿಂದೆ.

ಅವಳ ಗಂಡ ಸುನಿಲಕುಮಾರ, ಜರ್ಮನಿ ಕಂಪ್ಯೂಟರಿನವರಿಗೆ ಕೊಡುವ ಗ್ರೀನ್ ಕಾರ್ಡಿನ ಮೇಲೆ ಬಂದ ಎಂಜಿನಿಯರ್. ಅಣೆಕಟ್ಟಿನ ಅಳತೆಯ ಉಪಕರಣಗಳನ್ನು ಕಂಪ್ಯೂಟರಿಗೆ ಜೋಡಿಸುವ ಕೆಲಸ. ಆ ಗುರುವಾರ, ಇಡೀ ಅಣೆಕಟ್ಟಿನ ಹೊಣೆ ಹೊತ್ತ ಕಾವಲುಗಾರ ಕೋಖ್‌ನ ಹೆಣವನ್ನು ತೊಡೆಯ ಮೇಲಿಟ್ಟುಕೊಂಡು, ಮೊಣಕೈ ತನಕ ರಕ್ತದಲ್ಲಿ ತೊಯ್ದು ಕೂತಿದ್ದಾಗ ಪೊಲೀಸರ ಕೈಗೆ ಸಿಕ್ಕಿದ್ದ. ನಾನು ಬಂದಾಗಲೇ ಮುದುಕ ಬಿದ್ದಿದ್ದ, ಎತ್ತಿದೆ ಅಷ್ಟೆ ಎನ್ನುತ್ತಿದ್ದ. ನಂಬಿದವರು ಇಬ್ಬರು, ಇಬ್ಬರೂ ಈಗ ಈ ಗಾಳಿಯಲ್ಲಿದ್ದರು.

"ಕಾಕಾ, ಸತ್ತವರ ಹೆಲ್ಮೆಟ್ ಹಾಕ್ಕೊಂಡೀರಲ್ಲ, ಹೇಸಿಕಿ ಅನಸೂದಿಲ್ಲೇನ್ರಿ?"

"ಬೋಳುತಲೆಗೆ ಎಂತ ಹೇಸಿಗೆ ಮಾರಾಯ್ತಿ? ಬೆಚ್ಚಗೆ ಉಂಟು."

ಕೀರ್ತಿ ನಗಲಿಲ್ಲ, ಆದರೆ ನಡಿಗೆ ಸ್ವಲ್ಪ ಹಗುರವಾಯಿತು. "ಈ ಡ್ಯಾಮಿನಾಗ ನೀರ ಇರೂದಿಲ್ಲ ಅಂತ ಫೋನಿನಾಗ ಹೇಳಿದ್ರ ನಮ್ಮವ್ವ ನಕ್ಕಿದ್ಲು. ನೀರಿಲ್ಲದ ಡ್ಯಾಮಿಗೆ ಕಾವಲುಗಾರ ಯಾಕ ಬೇಕು, ಕದಿಯೂದೇನೈತಿ ಅಲ್ಲೆ ಅಂತ."

ತಾಯಿಯ ಮಾತಿನಲ್ಲಿ ತಪ್ಪಿರಲಿಲ್ಲ. ಬಾಗಲಕೋಟೆಯ ಅರ್ಧ ಊರನ್ನೇ ಅಣೆಕಟ್ಟಿನ ಹಿನ್ನೀರಿಗೆ ಕೊಟ್ಟು ಕೂತವರಿಗೆ, ಖಾಲಿ ಇರಲೆಂದೇ ಕಟ್ಟಿದ ಅಣೆಕಟ್ಟು ತಮಾಷೆಯಾಗಿ ಕಾಣದೆ ಇನ್ನೇನು? ರಾಬನ್‌ಬಾಖ್ ವರ್ಷವಿಡೀ ಹುಲ್ಲು ಬೆಳೆದುಕೊಂಡು ಬಾಯಿ ತೆರೆದು ಕೂತಿರುತ್ತದೆ. ಬುಡದ ತೂಬಿನಲ್ಲಿ ಹಳ್ಳ ತನ್ನ ಪಾಡಿಗೆ ಹರಿದು ಹೋಗುತ್ತದೆ. ನೆರೆ ಬಂದ ದಿನ ಮಾತ್ರ ತೂಬಿನ ಗೇಟು ಇಳಿಸಿ ನೀರನ್ನು ತಡೆಹಿಡಿಯಬೇಕು, ಆಮೇಲೆ ಗೇಟು ಏರಿಸಿ ಊರಿಗೆ ಏಟಾಗದಂತೆ ಬಿಡಬೇಕು. ಗೇಟಿಗೆ ಮೋಟಾರು. ಮೋಟಾರು ಕೈಕೊಟ್ಟರೆ ಕೈಯಿಂದ ತಿರುಗಿಸುವ ಚಕ್ರ. ಆ ಚಕ್ರವನ್ನು ತಿಂಗಳಿಗೊಮ್ಮೆ ಇಬ್ಬರು ಕೂಡಿ ತಿರುಗಿಸಿ ಪರೀಕ್ಷಿಸಬೇಕು. ಒಬ್ಬ ತಿರುಗಿಸಿದರೆ ಲೆಕ್ಕಕ್ಕಿಲ್ಲ, ನಾಲ್ಕು ಕಣ್ಣು ನೋಡಿರಬೇಕು ಎಂಬುದು ಇಲ್ಲಿನ ಕಟ್ಟುಪಾಡು.

ಇವತ್ತು ಖಾಲಿ ಅಣೆಕಟ್ಟು ಖಾಲಿ ಇರಲಿಲ್ಲ. ಕಂದು ನೀರು ಬೇರುಸಹಿತ ಕಿತ್ತ ಮರಗಳನ್ನು ಆಡಿಸುತ್ತ ನೆತ್ತಿಯಿಂದ ಎರಡಾಳು ಕೆಳಗೆ ಬಂದು ನಿಂತಿತ್ತು. ಉಕ್ಕಿದ್ದು ಹೋಗಲೆಂದು ಪಕ್ಕದಲ್ಲಿದ್ದ ಕೋಡಿಯನ್ನು ರಿಪೇರಿಗೆಂದು ಒಡೆದು, ಹಲಗೆ ಬಡಿದು ಮುಚ್ಚಿದ್ದರು. ಅಣೆಕಟ್ಟು ಮಣ್ಣಿನದು. ನೀರು ನೆತ್ತಿ ದಾಟಿದರೆ ಬೆಲ್ಲದಂತೆ ಕರಗುತ್ತದೆ. ಕೆಳಗೆ ಊರಿನ ಕೆಂಪು ಹೆಂಚುಗಳು ಮಳೆಯಲ್ಲಿ ಹೊಳೆಯುತ್ತಿದ್ದವು.

"ನಿಜಲಿಂಗಪ್ಪ ಪೊಲೀಸರಿಗೆ ಎಂತ ಹೇಳಿದ್ದು? ಇನ್ನೊಮ್ಮೆ ಹೇಳು."

ಕೀರ್ತಿ ಅವನ ಹೇಳಿಕೆಯನ್ನು ಬಾಯಿಪಾಠ ಮಾಡಿದವಳಂತೆ ಒಪ್ಪಿಸಿದಳು. ಗೇಟಿನ ಉಸ್ತುವಾರಿಯ ಗುತ್ತಿಗೆ ನಿಜಲಿಂಗಪ್ಪನ ಕಂಪನಿಯದು. ಸುನಿಲನನ್ನು ಕೆಲಸಕ್ಕೆ ಕರೆಸಿಕೊಂಡವನೂ ಅವನೇ. "ಮುಂಜಾನೆ ನಾನೂ ಅಲ್ಲೆ ಇದ್ದೆ. ನನ್ನ ಕಣ್ಣ ಮುಂದ ಕೋಖ್, ಸುನಿಲ ಇಬ್ಬರೂ ಕೂಡಿ ಕೈಚಕ್ರ ಪೂರ್ತಿ ತಿರುಗಿಸಿದ್ರು. ಗೇಟು ಏರ್ತು, ಇಳೀತು. ಆಮ್ಯಾಲ ಇಬ್ಬರಿಗೂ ಜಗಳ ಹತ್ತು. ನಾ ಸ್ಟುಟ್‌ಗಾರ್ಟಿಗೆ ಹೊಂಟಿದ್ದೆ, ಬಿಟ್ಟು ಬಂದೆ. ಹಿಂಗ ಹೇಳ್ಯಾರ್ರಿ. ಅವರ ಮಾತಿನ ಮ್ಯಾಲ ನಮ್ಮನಿಯವ್ರು ಒಳಗದಾರ."

"ಅವನೊಬ್ಬನ ಮಾತಿನ ಮೇಲೆ."

"ಹೌದ್ರಿ. ಒಬ್ಬರದ ಮಾತು."

*

ಗೇಟುಮನೆ ಎಂದರೆ ಅಣೆಕಟ್ಟಿನ ನಡುವೆ ನಿಂತ ಸಿಮೆಂಟಿನ ಒಂದು ಕೋಣೆ. ನೆಲದಲ್ಲಿ ಚೌಕಾಕಾರದ ಬಾವಿ, ಅದರೊಳಗೆ ಇಳಿಯುವ ಕಬ್ಬಿಣದ ಏಣಿ. ಬಾವಿಯ ತಳದಿಂದ ನೀರು ಗುರುಗುಟ್ಟುವ ಸದ್ದು ಬರುತ್ತಿತ್ತು.

ಗೋಡೆಯ ಮೇಲೆ ಸ್ಪ್ಯಾನರುಗಳು ಅಳತೆಯ ಪ್ರಕಾರ ಜೋತಿದ್ದವು. ಪ್ರತಿಯೊಂದರ ಹಿಂದೆ ಅದರದೇ ಆಕಾರವನ್ನು ಕಪ್ಪು ಬಣ್ಣದಲ್ಲಿ ಬರೆದಿತ್ತು. ಒಂದು ಕಪ್ಪು ಆಕಾರ ಮಾತ್ರ ಖಾಲಿ. ಆ ಸ್ಪ್ಯಾನರು ಪೊಲೀಸರ ವಶದಲ್ಲಿತ್ತು, ಕೋಖ್‌ನ ಕೂದಲ ಸಮೇತ.

ನೆಲದ ಕಲೆಯನ್ನು ಯಾರೋ ತೊಳೆಯಲು ಹೋಗಿ ಇನ್ನಷ್ಟು ಅಗಲ ಮಾಡಿದ್ದರು. ಕೀರ್ತಿ ಅದನ್ನು ತುಳಿಯದೆ ಗೋಡೆಗೆ ಒತ್ತಿಕೊಂಡು ದಾಟಿದಳು.

"ಚಕ್ರ ಎಲ್ಲಿ?"

"ಅಲ್ಲೆ ಮೂಲ್ಯಾಗ. ತಗಡಿನ ಕೆಳಗೈತ್ರಿ."

ತೊಟ್ಟಿಯನ್ನು ಬೋರಲು ಹಾಕಿದಂಥ ತಗಡಿನ ಮುಚ್ಚಳ. ಪೊಲೀಸರು ಬೆರಳಚ್ಚಿಗೆಂದು ಉದುರಿಸಿದ ಬಿಳಿ ಪುಡಿ ಅದರ ಹೊರಮೈ ಮೇಲೆ ಇತ್ತು, ಹಿಡಿಕೆಗಳ ಮೇಲೆ ಇರಲಿಲ್ಲ. ಎತ್ತಿ ನೋಡುವ ಗೋಜಿಗೆ ಹೋಗಿಲ್ಲ. ರಾಮದಾಸ್ ಒಂದು ಕಡೆ, ಕೀರ್ತಿ ಇನ್ನೊಂದು ಕಡೆ ಹಿಡಿದು ಎತ್ತಿದರು.

ಅದನ್ನು ಗೋಡೆಗೆ ಒರಗಿಸಿಟ್ಟು ತಿರುಗಿದರು.

ಬಸ್ಸಿನ ಸ್ಟಿಯರಿಂಗಿಗಿಂತ ದೊಡ್ಡದಾದ ಕಬ್ಬಿಣದ ಚಕ್ರ. ನಡುವಿನ ಗುಂಬದ ಮೇಲೆ ಮೂರು ಬೆರಳಿನ ವಿಭೂತಿ, ಅದರ ನಡುವೆ ಕುಂಕುಮ. ಚಹಾಪುಡಿಯ ಬಣ್ಣಕ್ಕೆ ತಿರುಗಿದ ಶ್ಯಾವಂತಿಗೆಯ ಸರ. ಗೋಲಿಯಷ್ಟಕ್ಕೆ ಒಣಗಿ ಕರ್ರಗಾದ ಒಂದು ನಿಂಬೆಹಣ್ಣು. ಚಕ್ರದ ಒಂದೊಂದು ಅರದಿಂದಲೂ ಪಕ್ಕದ ಕಂಬಕ್ಕೆ, ಕಂಬದಿಂದ ಮತ್ತೆ ಅರಕ್ಕೆ, ಕೆಂಪು ಹಳದಿ ದಾರವನ್ನು ಹೊಸೆದು ಬಿಗಿಯಾಗಿ ಸುತ್ತಿ ಗಂಟು ಹಾಕಿತ್ತು. ದಾರದ ಮೇಲೆ ಜೇಡವೊಂದು ತನ್ನ ಪಾಲಿನದನ್ನೂ ನೇಯ್ದಿತ್ತು.

"ಖಂಡೇಪೂಜಿ ದಾರ," ಎಂದಳು ಕೀರ್ತಿ. ದನಿ ಇಳಿದಿತ್ತು. "ಗುರವ್ವಕ್ಕ ಕಟ್ಟಿದ್ದು."

"ಆಯುಧಪೂಜೆಯದ್ದಾ? ಗುರವ್ವ ಅಂದ್ರೆ ನಿಜಲಿಂಗಪ್ಪನ ಹೆಂಡತಿಯಾ?"

"ಹೌದ್ರಿ. ದಸರಾದಾಗ ಎಲ್ಲಾರೂ ಕಾರ್ ಮಾಡ್ಕೊಂಡು ಬಂದಿದ್ವಿ. ನಾ ಕುಂಕುಮದ ಬಟ್ಲ ಹಿಡಕೊಂಡು ಇಲ್ಲೇ ನಿಂತಿದ್ದೆ. ಕೋಖ್ ಮೊದಲ ಗೊಣಗ್ಯಾಡಿದ, ಆಮ್ಯಾಲ ಗುರವ್ವಕ್ಕ ಕೊಟ್ಟ ಕರ್ಜಿಕಾಯಿ ತಿಂದು ಸುಮ್ನಾದ. ಇಲಿ ಬರ್ತಾವು ಅಂತ ಅಕ್ಕಾನ ಈ ತಗಡ ಮುಚ್ಚಿಸಿದ್ಲು."

"ಈ ದಾರ ಬಿಚ್ಚುವ ಕ್ರಮ ಇಲ್ವಾ?"

"ಐತ್ರಿ, ಇಲ್ದ ಏನು? ಪೂಜಿ ದಿನ ಮುಟ್ಟಂಗಿಲ್ಲ. ಮರುದಿನ ಬನ್ನಿ ಕೊಟ್ಟ ಮ್ಯಾಲ ದಾರ ಬಿಚ್ಚಿ, ಒಂದ್ಸಲ ತಿರುಗಿಸಿ, ಕೆಲಸಕ್ಕ ಹಚ್ಚಬೇಕು."

"ಮತ್ತೆ ಯಾಕೆ ಬಿಚ್ಚಲಿಲ್ಲ?"

ಕೀರ್ತಿ ಅವನ ಮುಖ ನೋಡಿದಳು. "ಇಲ್ಲೆ ದಸರಾಕ್ಕ ಸೂಟಿ ಎಲ್ಲೈತ್ರಿ? ಅನುಕೂಲಕ್ಕ ಅಂತ ರವಿವಾರ ಪೂಜಿ ಮಾಡಿದ್ವಿ. ಮರುದಿನ ಸೋಮವಾರ. ಎಲ್ಲಾರಿಗೂ ಆಫೀಸು."

ರಾಮದಾಸ್ ಮಂಡಿಯೂರಿ ಒಂದೊಂದು ಗಂಟನ್ನೂ ನೋಡಿದ. ಬಿಚ್ಚಿ ಮತ್ತೆ ಕಟ್ಟಿದ್ದಲ್ಲ. ಜೇಡನ ಬಲೆ ಹರಿಯದೆ ಅದು ಸಾಧ್ಯವೂ ಇರಲಿಲ್ಲ. ಚಕ್ರ ನಾಲ್ಕು ಬೆರಳು ತಿರುಗಿದ್ದರೂ ಈ ದಾರ ಹರಿಯಬೇಕಿತ್ತು. ದಸರಾದಿಂದೀಚೆಗೆ ತಿಂಗಳು ತಿಂಗಳೂ ತಪ್ಪದೆ ಪರೀಕ್ಷೆಯಾಯಿತೆಂದು ಕೋಖ್ ಮತ್ತು ನಿಜಲಿಂಗಪ್ಪ ಸಹಿ ಹಾಕುತ್ತ ಬಂದಿದ್ದ ಚಕ್ರ ಒಂದು ಸಲವೂ ಅಲುಗಿರಲಿಲ್ಲ. ಗುರುವಾರವೂ ಅಲುಗಿರಲಿಲ್ಲ.

ಅಲುಗದ ಚಕ್ರ ತಿರುಗಿದ್ದನ್ನು ನಿಜಲಿಂಗಪ್ಪ ಕಣ್ಣಾರೆ ನೋಡಿದ್ದ.

"ಕಾಕಾ," ಕೀರ್ತಿ ಅವನ ತೋಳು ಹಿಡಿದಳು. "ಅಂದ್ರ... ಅವರು ಹೇಳಿದ್ದು..."

"ಸುಳ್ಳು. ಪೂರ್ತಿ ಸುಳ್ಳು. ಇದು ಹೀಗೇ ಇರುವಾಗ ಒಬ್ಬ ಪೊಲೀಸಿನವ ಬಂದು ನೋಡಿದರೆ ಸಾಕು, ನಿನ್ನ ಗಂಡ ಹೊರಗೆ. ಆದರೆ ಹೀಗೇ ಇರಬೇಕು. ಕತ್ತರಿಸಿ ತೆಗೆದುಕೊಂಡು ಹೋದರೆ ಬರೀ ದಾರ. ಯಾವಾಗ ಹರಿದದ್ದು, ಯಾರು ಹರಿದದ್ದು ಅಂತ ಕೇಳ್ತಾರೆ."

ಅವನು ಕುತ್ತಿಗೆಯಲ್ಲಿದ್ದ ಕ್ಯಾಮರಾ ಎತ್ತಿ ಎಲ್ಲ ಕಡೆಯಿಂದಲೂ ಫೋಟೊ ಹೊಡೆದ. ಮೊಬೈಲು ತೆಗೆದ. ಕಣಿವೆಯ ನಡುವೆ ಸಿಗ್ನಲ್ ಇರಲಿಲ್ಲ. ಕಚೇರಿಯ ಫೋನಿಗೆ ಹೋಗೋಣವೆಂದು ತಿರುಗಿದರೆ ಬಾಗಿಲಲ್ಲಿ ನೀಲಿ ಹೆಲ್ಮೆಟ್ ನಿಂತಿತ್ತು.

*

"ರಾಮದಾಸರು! ಏನ್ರಿ ಇದು, ಈ ಮಳ್ಯಾಗ?" ನಿಜಲಿಂಗಪ್ಪ ಒಳಗೆ ಬಂದು ಬಾಗಿಲು ಮುಚ್ಚಿದ. ಅಗಲವಾದ ಮನುಷ್ಯ, ಅಗಲವಾದ ನಗು. ಸ್ಟುಟ್‌ಗಾರ್ಟಿನ ಕಾರು ಕಾರ್ಖಾನೆಗಳಲ್ಲಿ ಹದಿನೈದು ವರ್ಷ ದುಡಿದು ಸ್ವಂತ ಕಂಪನಿ ಕಟ್ಟಿದವನು. ಕನ್ನಡ ಸಂಘದ ಊಟಕ್ಕೆ ಮನೆಯಿಂದಲೇ ಹೋಳಿಗೆ ತರುವವನು. "ತಂಗಿ, ನೀನೂ ಬಂದೀಯೇನ? ಇಂಥಾ ಜಾಗಕ್ಕ ಬರಬಾರದವ್ವ."

"ನೀವೇ ಬಂದದ್ದು ಒಳ್ಳೆಯದಾಯ್ತು," ಎಂದ ರಾಮದಾಸ್, ಚಕ್ರಕ್ಕೆ ಬೆನ್ನು ಕೊಟ್ಟು ನಿಂತು. "ವಿಮೆಯವರಿಗೆ ಒಂದು ಸಣ್ಣ ಸಂಶಯ. ಗುರುವಾರ ಚಕ್ರ ಪೂರ್ತಿ ತಿರುಗಿತ್ತಾ?"

"ಪೂರ್ತಿ. ಬೆಣ್ಣಿಗತೆ."

"ನೀವು ಎಲ್ಲಿ ನಿಂತಿದ್ರಿ?"

"ಇಲ್ಲೇ, ನೀವು ನಿಂತಲ್ಲೇ."

"ಕಣ್ಣಾರೆ ನೋಡಿದ್ದು?"

"ಏನ್ರಿ ನೀವು, ವಕೀಲರಗತೆ? ಕಣ್ಣಾರೆ ನೋಡೀನಿ. ಕೋಖ್ ಆ ಕಡೆ, ಸುನಿಲ ಈ ಕಡೆ."

ರಾಮದಾಸ್ ಪಕ್ಕಕ್ಕೆ ಸರಿದ.

ನಿಜಲಿಂಗಪ್ಪನ ನಗು ಮುಖದ ಮೇಲೆಯೇ ಉಳಿಯಿತು, ಹಿಂದಿನ ಮನುಷ್ಯ ಮಾತ್ರ ಎಲ್ಲೋ ಹೋದ. ಅವನು ದಾರವನ್ನು ನೋಡಿದ. ನಿಂಬೆಹಣ್ಣನ್ನು ನೋಡಿದ. ಹೆಂಡತಿ ಪಕ್ಕದ ಕೋಣೆಯಲ್ಲಿದ್ದಾಳೋ ಎಂಬಂತೆ, "ಗುರವ್ವಾ..." ಎಂದ.

"ಪೂಜಿ ಹೊತ್ನ್ಯಾಗ ನೀವು ಆಫೀಸಿನ ಫೋನಿನಾಗ ಇದ್ರಿ," ಎಂದಳು ಕೀರ್ತಿ. "ಮಂಗಳಾರತಿಗೆ ಕರದ್ರೂ ಬರಲಿಲ್ಲ."

ದೀಪ ಆರಿತು. ಮೂಲೆಯಲ್ಲಿದ್ದ ಮೋಟಾರಿನ ಹಸಿರು ಬಲ್ಬೂ ಆರಿತು. ಗಾಳಿಗೆ ಎಲ್ಲೋ ತಂತಿ ಬಿದ್ದಿರಬೇಕು. ಕಿಟಕಿಯಿಂದ ಬೂದಿಬಣ್ಣದ ಬೆಳಕು ಮಾತ್ರ.

"ಐದು ತಿಂಗಳು ನನ್ನ ಜೋಡಿ ಸಹಿ ಹಾಕ್ಯಾನ ಆ ಮುದುಕ," ನಿಜಲಿಂಗಪ್ಪ ಮೆಲ್ಲಗೆ ಹೇಳಿದ. "ಇಷ್ಟು ದೊಡ್ಡ ಚಕ್ರ ಚಳ್ಯಾಗ ಯಾರು ತಿರುಗಸ್ತಾರ, ಹಾಕಪಾ ಸಹಿ ಅಂದಂವ ಅಂವನ. ಹಿಮ ಕರಗೂದು ನೋಡಿ ಒಮ್ಮೆಲೆ ದೇವರ ನೆನಪಾತು. ಜಿಲ್ಲಾ ಆಫೀಸಿಗೆ ಹೋಗಿ ಹೇಳ್ತೀನಿ ಅಂದ. ನನ್ನ ಕಂಪನಿ ಮುಚ್ಚತಿತ್ತು ರಾಮದಾಸರ. ಗ್ರೀನ್ ಕಾರ್ಡಿನ ಹುಡುಗ್ರು ಎಲ್ಲಾರೂ ಸೂಟ್‌ಕೇಸ್ ಹಿಡಕೊಂಡು ವಾಪಸ್. ಒಂದ ಹೊಡತ ಹೊಡದೆ. ಒಂದ ಹೊಡತಕ್ಕ ಹೋಗ್ತಾನಂತ ಯಾರಿಗೆ ಗೊತ್ತಿತ್ತು?"

"ಆ ಹುಡುಗರಲ್ಲೇ ಒಬ್ಬನನ್ನು ಹಿಡಿದುಕೊಟ್ರಿ."

"ಅಂವ ಬ್ಯಾರೆ ವ್ಯಾಳ್ಯಾಕ್ಕ ಬಂದಿದ್ರ ಉಳೀತಿದ್ದ."

ಕೀರ್ತಿ ಅವನ ಮುಖಕ್ಕೆ ಉಗಿದಳು.

ನಿಜಲಿಂಗಪ್ಪ ಅದನ್ನು ಒರೆಸಿಕೊಳ್ಳಲಿಲ್ಲ. ಮೊದಲು ಕೈ ಹಾಕಿದ್ದು ಕ್ಯಾಮರಾಕ್ಕೆ. ಪಟ್ಟಿ ಹರಿಯುವುದಕ್ಕೆ ಮುಂಚೆ ರಾಮದಾಸನ ಕುತ್ತಿಗೆಯ ಚರ್ಮ ಹರಿಯಿತು. ಕ್ಯಾಮರಾ ಗೋಡೆಗೆ ಅಪ್ಪಳಿಸಿ, ಬಾಯಿ ಬಿಟ್ಟು, ಫಿಲ್ಮಿನ ಕರುಳನ್ನು ಹೊರಗೆ ಹಾಕಿ ಬಾವಿಯೊಳಗೆ ಹೋಯಿತು.

ಆಮೇಲೆ ಅವನು ಗೋಡೆಯಿಂದ ಒಂದು ಸ್ಪ್ಯಾನರು ಕಿತ್ತುಕೊಂಡ. ಇನ್ನೊಂದು ಕಪ್ಪು ಆಕಾರ ಖಾಲಿಯಾಯಿತು.

ಮೊದಲ ಏಟು ನೇರ ನೆತ್ತಿಗೆ ಬಂತು. ಕೋಖ್‌ನ ಹೆಲ್ಮೆಟ್ ಕುಂಬಳಕಾಯಿಯಂತೆ ಸೀಳಿತು, ತಲೆ ಸೀಳಲಿಲ್ಲ. ಫ್ರೌ ಬ್ರಾಂಟ್‌ಗೆ ಕೃತಜ್ಞತೆ ಹೇಳುವಷ್ಟು ಪುರುಸೊತ್ತು ಇರಲಿಲ್ಲ. ಎರಡನೆಯದಕ್ಕೆ ರಾಮದಾಸ್ ಕೈ ಅಡ್ಡ ಕೊಟ್ಟ. ಮಣಿಕಟ್ಟಿನಲ್ಲಿ ಹಸಿ ಕಟ್ಟಿಗೆ ಮುರಿದ ಸದ್ದಾಯಿತು, ಕೈ ತನ್ನದಲ್ಲದ ದಿಕ್ಕಿಗೆ ತಿರುಗಿ ಜೋತುಬಿತ್ತು. ನೋವು ಬರುವ ಮುಂಚೆ ಹೊಟ್ಟೆಗೆ ಮೊಣಕಾಲು ಬಂತು. ಅವನು ಕೋಖ್‌ನ ರಕ್ತದ ಕಲೆಯ ಮೇಲೇ ಮುಖವೂರಿ ಬಿದ್ದ, ಬಾಯಲ್ಲಿ ಸ್ವಂತ ಹಲ್ಲಿನ ಚೂರು ಸಿಕ್ಕಿತು.

ನಿಜಲಿಂಗಪ್ಪ ಅವನನ್ನು ದಾಟಿ ಚಕ್ರದ ಕಡೆ ಹೋಗುತ್ತಿದ್ದ. ದಾರದ ಕಡೆ.

ರಾಮದಾಸ್ ಒಳ್ಳೆಯ ಕೈಯಿಂದ ಅವನ ಕಾಲು ಹಿಡಿದು, ಪ್ಯಾಂಟಿನ ಮೇಲಿಂದಲೇ ಮೀನಖಂಡಕ್ಕೆ ಹಲ್ಲು ಊರಿದ. ಐವತ್ತಾರರ ಸಭ್ಯ ಮನುಷ್ಯ, ಯಾರನ್ನೂ ಕಚ್ಚಿದವನಲ್ಲ. ರಕ್ತ ಬರುವ ತನಕ ಬಿಡಲಿಲ್ಲ.

"ಬಿಡಲೇ ಭಟ್ಟಾ! ಬಿಡಲೇ!" ಸ್ಪ್ಯಾನರು ಬೆನ್ನಿಗೆ ಬಿತ್ತು. ಮತ್ತೆ ಬಿತ್ತು. ಪಕ್ಕೆಲುಬು ಒಳಕ್ಕೆ ಹೋದದ್ದು ಗೊತ್ತಾಯಿತು.

ಆಗ ಕೀರ್ತಿ ಬಂದಳು. ಗೋಡೆಯಿಂದ ಕಿತ್ತ ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಎರಡೂ ಕೈಯಲ್ಲಿ ಹಿಡಿದು, ಒನಕೆ ಬೀಸಿದ ಹಾಗೆ ಪಕ್ಕದಿಂದ ನಿಜಲಿಂಗಪ್ಪನ ಮೊಣಕಾಲಿಗೆ ಬೀಸಿದಳು. ಕಾಲು ಹಿಂದುಮುಂದಾಗಿ ಮಡಚಿತು. ಅವನ ಕೂಗು ಮನುಷ್ಯರದ್ದಾಗಿರಲಿಲ್ಲ.

"ಇದು ನಮ್ಮನಿಯವ್ರ ಸಲುವಾಗಿ," ಎಂದಳು. ಎರಡನೆಯದು ದವಡೆಗೆ. "ಇದು ನಿನ್ನ ಹೋಳಿಗಿ ಸಲುವಾಗಿ!"

ಅವನು ತಿರುಗಿ ಬಿದ್ದು, ಏಣಿಯ ಮೆಟ್ಟಿಲುಗಳಿಗೆ ಒಂದೊಂದಾಗಿ ಬಡಿದುಕೊಳ್ಳುತ್ತ ಬಾವಿಯೊಳಗಿನ ಕಬ್ಬಿಣದ ಅಟ್ಟದ ಮೇಲೆ ಹೋಗಿ ಬಿದ್ದ. ಕೀರ್ತಿ ಬಾವಿಯ ಅಂಚಿಗೆ ಬಂದು ಸಿಲಿಂಡರನ್ನು ತಲೆಯ ಮೇಲೆತ್ತಿದಳು.

"ಸಾಕು!" ರಾಮದಾಸ್ ಕಿರುಚಿದ. "ಅವನು ಸತ್ತರೆ ನಿನಗೂ ಜೈಲು. ಕೆಳಗಿಡು ಮಗಾ. ಕೆಳಗಿಡು."

ಅವಳು ಕೆಳಗಿಟ್ಟಳು. ಕೈ ಬಿಡಿಸಿಕೊಳ್ಳಲು ಮಾತ್ರ ಸ್ವಲ್ಪ ಹೊತ್ತು ಹಿಡಿಯಿತು.

ದಾರ ಹಾಗೇ ಇತ್ತು.

*

ಮೇಜಿನ ಮೇಲಿದ್ದ ಕೋಖ್‌ನ ವಾಕಿಟಾಕಿ ಅಷ್ಟು ಹೊತ್ತೂ ಗೊರಗೊರ ಎನ್ನುತ್ತಿತ್ತು. ಈಗ ಅದರಲ್ಲಿ ಫ್ರೌ ಬ್ರಾಂಟಳ ದನಿ ಬಂತು. ಹೆಲ್ಮೆಟ್ಟಿನ ಬಣ್ಣಕ್ಕೆ ಹಟ ಹಿಡಿದಿದ್ದ ದನಿಯಾಗಿರಲಿಲ್ಲ ಅದು.

"ಗೇಟುಮನೆಯಲ್ಲಿ ಯಾರಿದ್ದೀರಿ? ಕರೆಂಟಿಲ್ಲ. ಮೇಲಿನ ಕಣಿವೆಯಲ್ಲಿ ಮರಗಳ ಅಡ್ಡಗಟ್ಟು ಒಡೆದಿದೆ, ಎಲ್ಲ ಒಟ್ಟಿಗೆ ಬಂತು. ನೀರು ನೆತ್ತಿಗೆ ಮೊಳದಷ್ಟು ಬಾಕಿ. ಕೈಚಕ್ರ ತಿರುಗಿಸಿ. ಗೇಟು ಏರಿಸಿ. ಈಗಲೇ."

ರಾಮದಾಸ್ ವಾಕಿಟಾಕಿ ಎಳೆದುಕೊಂಡ. ಬಾಯಿಂದ ರಕ್ತ ಅದರ ಮೇಲೆ ಸುರಿಯಿತು. "ಫ್ರೌ ಬ್ರಾಂಟ್, ನೀವು ಇಲ್ಲಿಗೆ ಬನ್ನಿ. ಒಂದು ವಸ್ತು ನೋಡಬೇಕು. ತಿರುಗಿಸುವ ಮುಂಚೆ ನೀವು ನೋಡಬೇಕು."

"ನಾನು ಕೆಳಗಿನ ಸೇತುವೆ ಹತ್ತಿರ ಇದ್ದೇನೆ! ಜನರನ್ನು ಮನೆಗಳಿಂದ ಹೊರಡಿಸುತ್ತಿದ್ದೇನೆ! ಏನು ನೋಡುವುದು? ತಿರುಗಿಸಿ!"

ಗೊರಗೊರ.

ಬಾವಿಯೊಳಗಿಂದ ನಗುವಿನಂಥದ್ದು ಕೇಳಿಸಿತು. ಒಡೆದ ದವಡೆಯಿಂದ ಬರುವ ನಗು ಕೇಳಲು ಚೆನ್ನಾಗಿರುವುದಿಲ್ಲ.

"ತಿರುಗಸ್ರಿ ರಾಮದಾಸರ," ನಿಜಲಿಂಗಪ್ಪನ ಮಾತು ಅರ್ಧ ಜೊಲ್ಲು, ಅರ್ಧ ರಕ್ತ. "ತಿರುಗಿಸಿದ್ರ ದಾರ ಹೋತು. ನಾ ಏನೂ ಹೇಳಿಲ್ಲ, ನೀವು ಏನೂ ಕೇಳಿಲ್ಲ. ಆರೋಪಿ ಹೆಂಡತಿ ನನ್ನ ಕಾಲ ಮುರದಾಳ, ಆಕಿ ಮಾತು ಯಾರು ನಂಬ್ತಾರ? ತಿರುಗಸದಿದ್ರ ಊರ ಹೋತು. ಅದು ನಿಮ್ಮ ತಲಿ ಮ್ಯಾಲ."

"ನೀನೂ ಹೋಗ್ತಿ ಅದರ ಜೋಡಿ," ಎಂದಳು ಕೀರ್ತಿ.

"ಹೋಗ್ತೀನಿ ತಂಗಿ. ಅದಕ್ಕ ಹೇಳಾಕತ್ತೀನಿ, ತಿರುಗಸು."

ರಾಮದಾಸ್ ಗೋಡೆ ಹಿಡಿದು ಎದ್ದ. ಉಸಿರೆಳೆದಾಗಲೆಲ್ಲ ಪಕ್ಕೆಯಲ್ಲಿ ಚಾಕು ಆಡಿದಂತಾಗುತ್ತಿತ್ತು. ಒಂದು ಕೈ ಕೆಲಸಕ್ಕೆ ಬಾರದು. ಒಬ್ಬನೇ ಈ ಚಕ್ರ ತಿರುಗಿಸಲಾರ. ತಿರುಗಿಸಬೇಕಾದರೆ ಅವಳು ಬರಬೇಕು, ಅವಳಿಗೆ ಬಾ ಎಂದು ಹೇಳುವ ಬಾಯಿ ಅವನಿಗಿರಲಿಲ್ಲ. ಜಗತ್ತಿನಲ್ಲಿ ಅವಳ ಗಂಡನನ್ನು ಬಿಡಿಸಬಲ್ಲ ವಸ್ತು ಒಂದೇ ಇತ್ತು, ಅದು ಈ ಚಕ್ರಕ್ಕೆ ಸುತ್ತಿಕೊಂಡಿತ್ತು.

ಬಾಗಿಲ ಸಂದಿಯಿಂದ ನೀರು ಒಳಗೆ ನಾಲಿಗೆ ಚಾಚಿತು. ತೆರೆ ನೆತ್ತಿಗೆ ಬಡಿಯಲು ಸುರುವಾಗಿತ್ತು.

ಕೀರ್ತಿ ಕಿಟಕಿಯ ಹತ್ತಿರ ಹೋಗಿ ಕೆಳಗೆ ನೋಡಿದಳು. ಕೆಂಪು ಹೆಂಚುಗಳ ನಡುವೆ ಹಳದಿ ಬಸ್ಸೊಂದು ನಿಧಾನಕ್ಕೆ ತಿರುಗುತ್ತಿತ್ತು.

"ಸಾಲಿ ಬಿಟ್ಟೈತೇನ್ರಿ ಕಾಕಾ?"

"ಗೊತ್ತಿಲ್ಲ."

"ಮನಿ ಮುಟ್ಯಾವೇನೋ ಹುಡುಗ್ರು."

"ಗೊತ್ತಿಲ್ಲ ಮಗಾ."

ಅವಳು ಬಿಳಿ ಹೆಲ್ಮೆಟ್ ತೆಗೆದು ಮೇಜಿನ ಮೇಲಿಟ್ಟಳು. ಚಕ್ರದ ಹತ್ತಿರ ಬಂದು, ವಿಭೂತಿಯನ್ನು ಒಮ್ಮೆ ಮುಟ್ಟಿ ಹಣೆಗೆ ಹಚ್ಚಿಕೊಂಡು, ಎರಡೂ ಕೈಯಿಂದ ಅರ ಹಿಡಿದಳು. ದಾರದ ಕಡೆ ನೋಡಲಿಲ್ಲ.

"ಯಾವ ಕಡಿಗ್ರಿ?"

"ಬಲಕ್ಕೆ."

ರಾಮದಾಸ್ ಒಳ್ಳೆಯ ಕೈಯನ್ನೂ ಎದೆಯನ್ನೂ ಚಕ್ರಕ್ಕೆ ಕೊಟ್ಟ. ಇಬ್ಬರೂ ಒಟ್ಟಿಗೆ ಜೋತುಬಿದ್ದರು. ಏನೂ ಆಗಲಿಲ್ಲ. ಕೀರ್ತಿ ಕಾಲನ್ನು ಗೋಡೆಗೆ ಒದ್ದು ಕೊಟ್ಟು, ಹಲ್ಲು ಕಚ್ಚಿ, ಗಂಡನ ಹೆಸರು ಹಿಡಿದು ಕೂಗಿ ಮತ್ತೆ ಜಗ್ಗಿದಳು. ಬುಡದಲ್ಲೆಲ್ಲೋ, ಐದು ತಿಂಗಳು ಯಾರೂ ತಿರುಗಿಸದೆ ತುಕ್ಕು ಹಿಡಿದ ಕಬ್ಬಿಣ ಕಿರ್ರೆಂದಿತು.

ಚಕ್ರ ಒಂದು ಗೇಣು ತಿರುಗಿ ಕಚ್ಚಿಕೊಂಡಿತು. ಮತ್ತೆ ಎಷ್ಟು ಜಗ್ಗಿದರೂ ಅಲುಗಲಿಲ್ಲ.

ದಾರ ಹರಿಯಿತು. ಗೇಟು ಏಳಲಿಲ್ಲ.